ಕಣ್ಣಿನ ಕಸಿ: ಕೆಟ್ಟ ಪದರಕ್ಕೆ ಮಾತ್ರ ಹೊಸ ಪದರ

ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳಿಯ ಕಲೆ ಕಾಣಿಸಿಕೊಂಡರೆ ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ಹಳ್ಳಿಗಳಲ್ಲಿ ಹೇಳುವುದುಂಟು. ಹೂ ಬಿದ್ದ ಕಣ್ಣು ಹೋದ ಕಣ್ಣೆಂದೇ ಭಾವಿಸಿ, ಅದನ್ನು ಹಣೆಬರಹವೆಂದು ಒಪ್ಪಿಕೊಂಡು, ಚಿಕಿತ್ಸೆಗೆ ಹೋಗದೆ ಉಳಿದವರು ಅನೇಕರಿದ್ದಾರೆ. ಈ ಭಾವನೆ ಸರಿಯಲ್ಲ. ಕಣ್ಣಿನ ಒಳಗಿನ ನರ ಚೆನ್ನಾಗಿದ್ದು, ಮುಂಭಾಗದ ಪಾರದರ್ಶಕ ಪಟಲ ಮಾತ್ರ ಕೆಟ್ಟಿದ್ದರೆ, ಅಂಥ ಕಣ್ಣಿಗೆ ಮತ್ತೆ ದೃಷ್ಟಿ ಬರುವ ಸಾಧ್ಯತೆಯುಂಟು. ಇಂದು ಆ ಪಟಲವನ್ನು ಪೂರ್ತಿಯಾಗಿ ಬದಲಿಸದೆ, ಅದರಲ್ಲಿ ಕೆಟ್ಟಿರುವ ಪದರವನ್ನಷ್ಟೇ ತೆಗೆದು ಹೊಸ ಪದರವನ್ನು ಕೂಡಿಸುವ ಶಸ್ತ್ರಚಿಕಿತ್ಸೆಯೂ ನಡೆಯುತ್ತಿದೆ.

ಸಂಸಾರದಲ್ಲಿ ಒಬ್ಬರ ದೃಷ್ಟಿ ಹೋದರೆ ಇಬ್ಬರ ದುಡಿಮೆ ಕುಂದುತ್ತದೆ. ಕಾಣದವರ ಕೆಲಸ ನಿಲ್ಲುತ್ತದೆ; ಅವರ ಕೈಹಿಡಿದು ನಡೆಸುವವರ ಕೆಲಸವೂ ಅರ್ಧವಾಗುತ್ತದೆ. ಆದುದರಿಂದ ಈ ಚಿಕಿತ್ಸೆಯನ್ನು ಕುರಿತು ಪತಿ ಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ. ಇದರ ಯಶಸ್ಸಿನಲ್ಲಿ ಅರ್ಧ ಪಾಲು ವೈದ್ಯರದಾದರೆ, ಉಳಿದರ್ಧ ಮನೆಯಲ್ಲಿ ನಡೆಯುವ ಆರೈಕೆಯದು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಕಾರ್ನಿಯಾ ಎಂದರೇನು?

ಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುವಂತೆ, ಕಣ್ಣಿನ ಮುಂಭಾಗದಲ್ಲಿ ಒಂದು ಪಾರದರ್ಶಕ ಪಟಲವಿದೆ. ಇದಕ್ಕೆ ಕಾರ್ನಿಯಾ ಎಂದು ಹೆಸರು. ಕಪ್ಪುಗುಡ್ಡೆ ಕಪ್ಪಾಗಿ ಕಾಣುವುದು ಈ ಪಟಲದ ಹಿಂದಿರುವ ಬಣ್ಣದ ಪರದೆಯಿಂದ. ಪಟಲಕ್ಕೆ ತನ್ನದೇ ಆದ ಬಣ್ಣವಿಲ್ಲ. ಅದರೊಳಗೆ ರಕ್ತನಾಳಗಳೂ ಇಲ್ಲ. ಮಧ್ಯಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇಷ್ಟು ತೆಳುವಾದ ಪಟಲದಲ್ಲಿಯೂ ಹಲವು ಪದರಗಳಿವೆ. ಅವುಗಳನ್ನು ಮೂರು ಭಾಗಗಳಾಗಿ ತಿಳಿದುಕೊಂಡರೆ ಸಾಕು.

1. ಹೊರ ಪದರ: ಇದು ಚರ್ಮದಂತೆ ಮೇಲ್ಗಡೆಯ ಹೊದಿಕೆ. ಸಣ್ಣಪುಟ್ಟ ಗೀರು ಬಿದ್ದರೆ ಕೆಲವು ದಿನಗಳಲ್ಲಿ ತಾನಾಗಿಯೇ ಬೆಳೆದು ಮುಚ್ಚಿಕೊಳ್ಳುತ್ತದೆ.

2. ನಡು ಪದರ: ಪಟಲದ ದಪ್ಪದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಇದೇ. ಗಾಯವಾಗಲಿ ಹುಣ್ಣಾಗಲಿ ಇಲ್ಲಿಯವರೆಗೆ ಇಳಿದರೆ, ವಾಸಿಯಾದ ಮೇಲೂ ಬಿಳಿಯ ಕಲೆ ಉಳಿಯುತ್ತದೆ. ಹೂ ಎಂದು ನಾವು ಕರೆಯುವುದು ಇದನ್ನೇ.

3. ಒಳ ಪದರ: ಇದೊಂದು ಅತ್ಯಂತ ತೆಳುವಾದ ಪೊರೆ. ಅದರ ಒಳಮೈಯಲ್ಲಿ ಜೀವಕೋಶಗಳ ಒಂದೇ ಒಂದು ಸಾಲು ಇರುತ್ತದೆ. ವಯಸ್ಕರಲ್ಲಿ ಒಂದು ಚದರ ಮಿಲಿಮೀಟರಿಗೆ ಸುಮಾರು 2,500 ಕೋಶಗಳಿರುತ್ತವೆ. ಹೊಲದ ನೀರನ್ನು ಪಂಪು ಹೊರಹಾಕುವಂತೆ ಈ ಕೋಶಗಳು ನಡು ಪದರದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುತ್ತವೆ. ಅವು ಬಹಳವಾಗಿ ಸತ್ತರೆ ಪಟಲದಲ್ಲಿ ನೀರು ತುಂಬಿ, ಅದು ಊದಿಕೊಂಡು ಮಂಜುಗಟ್ಟುತ್ತದೆ. ಸತ್ತ ಕೋಶಗಳ ಸ್ಥಾನದಲ್ಲಿ ಹೊಸ ಕೋಶಗಳು ಹುಟ್ಟುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಯಸ್ಸಾದವರಿಗೆ ಬರುವ ‘ಕಣ್ಣಿನ ಪೊರೆ’ಯೇ ಬೇರೆ, ಕಾರ್ನಿಯಾದ ರೋಗವೇ ಬೇರೆ. ಕಣ್ಣಿನ ಪೊರೆ ಎಂಬುದು ಒಳಗಿನ ಮಸೂರವು ಮಸುಕಾಗುವುದು. ಅದಕ್ಕೆ ಕೃತಕ ಮಸೂರವನ್ನು ಇಡುತ್ತಾರೆ. ಕೆಟ್ಟ ಕಾರ್ನಿಯಾದ ಸ್ಥಾನದಲ್ಲಿ ಮಾತ್ರ ಸಾಮಾನ್ಯವಾಗಿ ಮೃತರೊಬ್ಬರು ದಾನಮಾಡಿದ ಕಾರ್ನಿಯಾವನ್ನೇ ಕೂಡಿಸಬೇಕಾಗುತ್ತದೆ.

ಯಾವ ಪದರ ಏಕೆ ಕೆಡುತ್ತದೆ?

ಭತ್ತ ಬಡಿಯುವಾಗ ಸಿಡಿದ ಹೊಟ್ಟು, ಕಬ್ಬಿನ ಗರಿ, ಮುಳ್ಳಿನ ಗೀರು ಇವುಗಳಿಂದ ಹೊರ ಪದರ ಕಿತ್ತು, ಆ ದಾರಿಯಿಂದ ಬೂಷ್ಟು ಜಾತಿಯ ರೋಗಾಣುಗಳು ಒಳಸೇರಿ ಹುಣ್ಣಾಗುತ್ತದೆ. ಹುಣ್ಣು ಮಾಯ್ದ ಮೇಲೆ ನಡು ಪದರದಲ್ಲಿ ಕಲೆ ನಿಲ್ಲುತ್ತದೆ. ಮಕ್ಕಳಲ್ಲಿ ‘ಎ’ ಜೀವಸತ್ವದ ಕೊರತೆ ಹಾಗೂ ದಡಾರ ಇಂಥ ಕಲೆಗೆ ಕಾರಣವಾಗಬಹುದು. ಹದಿಹರೆಯದವರಲ್ಲಿ ಪಟಲವು ತೆಳುವಾಗಿ ಶಂಕುವಿನಂತೆ ಮುಂದೆ ಚಾಚುವ ರೋಗವೊಂದಿದೆ. ತುರಿಕೆಯಿಂದಾಗಿ ಸದಾ ಕಣ್ಣುಜ್ಜುವ ಅಭ್ಯಾಸವು ಇದನ್ನು ಹೆಚ್ಚಿಸುತ್ತದೆ. ಇವೆಲ್ಲ ಮುಂಭಾಗದ ಪದರಗಳ ರೋಗಗಳು.

ಒಳ ಪದರದ ಕೋಶಗಳು ಕೆಲವರಲ್ಲಿ ವಂಶಪಾರಂಪರ್ಯವಾಗಿ ಬೇಗನೆ ನಶಿಸುತ್ತವೆ. ಇನ್ನು ಕೆಲವರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಯ ಅನಂತರ ಅವು ಕುಂದುತ್ತವೆ. ಅಂಥವರಿಗೆ ಮುಂಜಾನೆ ಎದ್ದಾಗ ಮಂಜು ಕವಿದಂತಿದ್ದು, ಹೊತ್ತೇರಿದಂತೆ ಸ್ವಲ್ಪ ತಿಳಿಯಾಗುವುದು ಪ್ರಾರಂಭದ ಲಕ್ಷಣ.

ಹುಟ್ಟಿನಿಂದಲೇ ಎರಡೂ ಕಣ್ಣುಗಳ ಕಾರ್ನಿಯಾ ಮಂಜಾಗಿರುವ ಒಂದು ರೋಗವೂ ಉಂಟು. ತಂದೆ ತಾಯಿಯರಿಬ್ಬರಲ್ಲಿಯೂ ಅಡಗಿರುವ ದೋಷವು ಒಂದೇ ಮಗುವಿನಲ್ಲಿ ಕೂಡಿದಾಗ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವನೊಡನೆ ಅಥವಾ ಅತ್ತೆ ಮಾವಂದಿರ ಮಕ್ಕಳೊಡನೆ ಆಗುವ ವಿವಾಹಗಳಲ್ಲಿ ಹೀಗೆ ಕೂಡುವ ಸಂಭವ ಹೆಚ್ಚು. ದಕ್ಷಿಣ ಭಾರತದಲ್ಲಿ ಇಂಥ ಮಕ್ಕಳನ್ನು ಕಣ್ಣಿನ ವೈದ್ಯರು ಕಾಣುತ್ತಿರುತ್ತಾರೆ. ಇದರಲ್ಲಿ ತಾಯಿಯ ತಪ್ಪೆಂಬುದಿಲ್ಲ. ದೋಷವು ಇಬ್ಬರಿಂದಲೂ ಬಂದುದು. ಎಳೆಯ ಮಗುವಿನ ಕಣ್ಣು ಮಂಜಾಗಿ ಕಂಡರೆ ಒಂದು ವಾರವನ್ನೂ ಕಳೆಯದೆ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಣ್ಣಿನೊಳಗಿನ ಒತ್ತಡ ಏರಿದಾಗಲೂ ಮಕ್ಕಳ ಕಣ್ಣು ಹೀಗೆಯೇ ಕಾಣುತ್ತದೆ, ಮತ್ತು ಅದು ನರವನ್ನು ಕೆಡಿಸುತ್ತದೆ. ಅಲ್ಲದೆ ಎಳವೆಯಲ್ಲಿ ಸ್ಪಷ್ಟ ಬಿಂಬ ದೊರೆಯದಿದ್ದರೆ ಮಿದುಳು ನೋಡುವುದನ್ನೇ ಕಲಿಯದೆ ಹೋಗುತ್ತದೆ.

ಮೊದಲಿನ ವಿಧಾನ

ಮನುಷ್ಯರಲ್ಲಿ ಯಶಸ್ವಿಯಾದ ಮೊದಲನೆಯ ಪೂರ್ಣ ಕಾರ್ನಿಯಾ ಕಸಿ ನಡೆದದ್ದು 1905ರ ಡಿಸೆಂಬರಿನಲ್ಲಿ. ಇಂದಿನ ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ ಡಾಕ್ಟರ್ ಎಡುವರ್ಡ್ ಜಿರ್ಮ್ ಎಂಬುವರು ಅದನ್ನು ನಡೆಸಿದರು. ರೋಗಿ ಒಬ್ಬ ಕೂಲಿಗಾರ. ಸುಣ್ಣ ಬಿದ್ದು ಅವನ ಎರಡು ಕಣ್ಣುಗಳೂ ಹೋಗಿದ್ದವು. ಪೆಟ್ಟಿನಿಂದ ಕೆಟ್ಟು ತೆಗೆಯಬೇಕಾಗಿ ಬಂದ ಬಾಲಕನೊಬ್ಬನ ಕಣ್ಣಿನ ಕಾರ್ನಿಯಾವನ್ನು ಅವನಿಗೆ ಜೋಡಿಸಲಾಯಿತು. ಎರಡು ಕಣ್ಣುಗಳಲ್ಲಿ ಒಂದರ ಕಸಿ ತಿಳಿಯಾಗಿ ಉಳಿದು, ಅವನು ಮತ್ತೆ ದುಡಿಮೆಗೆ ಮರಳಿದನು.

ಅಂದಿನಿಂದ ಬಹುಕಾಲ ಈ ಪೂರ್ಣ ಕಸಿಯೇ ಮುಖ್ಯ ವಿಧಾನವಾಗಿತ್ತು. ಇದರಲ್ಲಿ ಕಾರ್ನಿಯಾದ ನಡುಭಾಗವನ್ನು ಬಿಲ್ಲೆಯಂತೆ ಪೂರ್ತಿಯಾಗಿ ಕತ್ತರಿಸಿ ತೆಗೆದು, ದಾನಿಯ ಬಿಲ್ಲೆಯನ್ನು ಕೂದಲಿಗಿಂತ ತೆಳುವಾದ ದಾರದಿಂದ ಸುತ್ತಲೂ ಹೊಲಿಯುತ್ತಾರೆ. ಎಲ್ಲ ಪದರಗಳೂ ಕೆಟ್ಟಿರುವ ಕಣ್ಣಿಗೆ ಇಂದಿಗೂ ಇದೇ ತಕ್ಕ ಚಿಕಿತ್ಸೆ. ಆದರೆ ಇದರಲ್ಲಿ ಕೆಲವು ತೊಡಕುಗಳಿವೆ. ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಕಣ್ಣು ಸ್ವಲ್ಪ ಹೊತ್ತು ತೆರೆದ ಸ್ಥಿತಿಯಲ್ಲಿರುತ್ತದೆ. ಹೊಲಿಗೆಯ ಜಾಗ ಎಂದಿಗೂ ಮೊದಲಿನಷ್ಟು ಬಲವಾಗುವುದಿಲ್ಲ. ವರ್ಷಗಳ ಮೇಲೆ ದನದ ಕೊಂಬು ತಗುಲಿದರೂ ಅಲ್ಲಿಯೇ ಬಿರಿಯಬಹುದು. ದೃಷ್ಟಿ ಸ್ಥಿರವಾಗಲು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಪದರದ ಕಸಿ

ಮನೆಯ ಒಂದು ಹೆಂಚು ಒಡೆದರೆ ಆ ಹೆಂಚನ್ನು ಬದಲಿಸುತ್ತೇವೆಯೇ ಹೊರತು ಮಾಡನ್ನೇ ಕೆಡವುವುದಿಲ್ಲ. ಪದರದ ಕಸಿಯ ತತ್ತ್ವವೂ ಇದೇ. ಇದರಲ್ಲಿ ಎರಡು ಬಗೆಗಳಿವೆ.

ಮೊದಲನೆಯದು ಮುಂಪದರದ ಕಸಿ. ಒಳ ಪದರ ಚೆನ್ನಾಗಿದ್ದು ಮುಂಭಾಗ ಮಾತ್ರ ಕೆಟ್ಟಿರುವವರಿಗೆ ಇದು ಹೊಂದುತ್ತದೆ. ವೈದ್ಯರು ಪಟಲದೊಳಕ್ಕೆ ಸೂಕ್ಷ್ಮವಾದ ಸೂಜಿಯಿಂದ ಗಾಳಿಯನ್ನು ಊದಿ, ಗುಳ್ಳೆಯ ಬಲದಿಂದ ನಡು ಪದರವನ್ನು ಒಳ ಪೊರೆಯಿಂದ ಬಿಡಿಸುತ್ತಾರೆ. ಅನ್ವರ್ ಮತ್ತು ಟೈಖ್‌ಮನ್ ಎಂಬ ವೈದ್ಯರು 2002ರಲ್ಲಿ ಪ್ರಕಟಿಸಿದ ಈ ಉಪಾಯ ಬಹಳ ಪ್ರಚಾರಕ್ಕೆ ಬಂದಿದೆ. ಹೀಗೆ ಬಿಡಿಸಿದ ಕೆಟ್ಟ ಭಾಗವನ್ನು ತೆಗೆದು, ದಾನಿಯ ಮುಂಪದರವನ್ನು ಹೊಲಿಯುತ್ತಾರೆ. ರೋಗಿಯ ಸ್ವಂತ ಒಳ ಪದರ ಹಾಗೆಯೇ ಉಳಿಯುವುದರಿಂದ, ದೇಹವು ಆ ಪದರವನ್ನು ಪರಕೀಯವೆಂದು ತಿರಸ್ಕರಿಸುವ ಭಯವಿಲ್ಲ. ಇದೇ ಇದರ ದೊಡ್ಡ ಲಾಭ. ಒಮ್ಮೊಮ್ಮೆ ಬಿಡಿಸುವಾಗ ಒಳ ಪೊರೆ ಹರಿದರೆ, ವೈದ್ಯರು ಅಲ್ಲಿಯೇ ಪೂರ್ಣ ಕಸಿಗೆ ಬದಲಾಯಿಸಬೇಕಾಗಬಹುದು.

ಎರಡನೆಯದು ಒಳಪದರದ ಕಸಿ. ಪಂಪಿನ ಕೆಲಸ ಮಾಡುವ ಕೋಶಗಳು ಸತ್ತಿರುವವರಿಗೆ ಇದು ತಕ್ಕುದು. ನೆದರ್ಲೆಂಡ್ಸಿನ ಡಾಕ್ಟರ್ ಗೆರಿಟ್ ಮೆಲ್ಲೆಸ್ ಅವರು 1998ರಿಂದ ಈ ಮಾರ್ಗವನ್ನು ಬೆಳೆಸಿದರು. 2006ರ ವೇಳೆಗೆ ಒಳ ಪೊರೆಯನ್ನು ಮಾತ್ರವೇ ಕೂಡಿಸುವ ವಿಧಾನವನ್ನು ತಂದರು. ಇಲ್ಲಿ ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಗಾಯ ಮಾಡಿ, ಕೆಟ್ಟ ಪೊರೆಯನ್ನು ಸುಲಿದು ತೆಗೆದು, ದಾನಿಯ ಪೊರೆಯನ್ನು ಒಳಸೇರಿಸಿ ಬಿಡಿಸುತ್ತಾರೆ. ಅದನ್ನು ಹೊಲಿದು ಹಿಡಿಸುವುದಿಲ್ಲ. ಕಣ್ಣಿನೊಳಗೆ ಗಾಳಿಯ ಗುಳ್ಳೆಯೊಂದನ್ನು ಬಿಟ್ಟರೆ, ಅದು ಮೇಲಕ್ಕೆ ಒತ್ತಿ ಪೊರೆಯನ್ನು ಸ್ಥಾನದಲ್ಲಿ ಅಂಟಿಸುತ್ತದೆ. ಹೊಲಿಗೆ ಅತ್ಯಲ್ಪವಾದುದರಿಂದ ಕಣ್ಣಿನ ಬಲ ಉಳಿಯುತ್ತದೆ. ದೃಷ್ಟಿಯೂ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸುಧಾರಿಸುತ್ತದೆ. ಕೆಲವರಲ್ಲಿ ಪೊರೆ ಅಂಟದೆ ಜಾರಬಹುದು. ಆಗ ಮತ್ತೊಮ್ಮೆ ಗಾಳಿ ತುಂಬಬೇಕಾಗುತ್ತದೆ.

ಇಬ್ಬರ ಕಣ್ಣಿಗೆ ಒಂದೇ ಕಾರ್ನಿಯಾ

ಪದರಗಳನ್ನು ಬಿಡಿಸಲು ಸಾಧ್ಯವಾದುದರಿಂದ ಮತ್ತೊಂದು ಉಪಕಾರವಾಗಿದೆ. ದಾನವಾಗಿ ಬಂದ ಒಂದೇ ಕಾರ್ನಿಯಾದ ಮುಂಪದರವನ್ನು ಒಬ್ಬರಿಗೂ ಒಳಪದರವನ್ನು ಇನ್ನೊಬ್ಬರಿಗೂ ಕೂಡಿಸಬಹುದು. ನಮ್ಮ ರಾಜ್ಯದವರೆಲ್ಲರೂ ಬಲ್ಲ ನಿದರ್ಶನವೊಂದಿದೆ. ಚಿತ್ರನಟ ಡಾಕ್ಟರ್ ರಾಜ್‌ಕುಮಾರ್ ಅವರು 2006ರ ಏಪ್ರಿಲ್ 12ರಂದು ನಿಧನರಾದಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಅವರ ಪುತ್ರ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಅಕಾಲಿಕವಾಗಿ ತೀರಿಕೊಂಡಾಗ, ಆ ದುಃಖದ ನಡುವೆಯೂ ಮನೆಯವರು ಅವರ ಕಣ್ಣುಗಳನ್ನು ದಾನವಿತ್ತರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನೂ ಮುಂಪದರ ಒಳಪದರಗಳಾಗಿ ಬೇರ್ಪಡಿಸಿ ನಾಲ್ವರಿಗೆ ಕಸಿ ಮಾಡಿದರು. ತಂದೆಯ ಕಾಲಕ್ಕೂ ಮಗನ ಕಾಲಕ್ಕೂ ನಡುವೆ ಶಸ್ತ್ರವೈದ್ಯವು ಎಷ್ಟು ಮುಂದುವರಿಯಿತೆಂಬುದಕ್ಕೆ ಇದು ಸಾಕ್ಷಿ. ಎಲ್ಲ ದಾನಗಳಲ್ಲಿಯೂ ಹೀಗೆ ಹಂಚಲು ಸಾಧ್ಯವಾಗದಿರಬಹುದು. ಅದು ಕಾರ್ನಿಯಾದ ಸ್ಥಿತಿಯನ್ನೂ ಕಾಯುತ್ತಿರುವ ರೋಗಿಗಳ ಅಗತ್ಯವನ್ನೂ ಅವಲಂಬಿಸಿದೆ.

ಶಸ್ತ್ರಚಿಕಿತ್ಸೆಗೆ ಮುನ್ನ

ಎಲ್ಲ ಅಂಧತ್ವಕ್ಕೂ ಕಸಿಯೇ ಮದ್ದಲ್ಲ. ಕಣ್ಣಿನ ನರ ಅಥವಾ ಹಿಂಭಾಗದ ಅಕ್ಷಿಪಟಲ ಕೆಟ್ಟಿದ್ದರೆ ಕಾರ್ನಿಯಾವನ್ನು ಬದಲಿಸಿದರೂ ದೃಷ್ಟಿ ಬಾರದು. ಆದುದರಿಂದ ವೈದ್ಯರು ಮೊದಲು ಕಣ್ಣನ್ನು ಪೂರ್ತಿಯಾಗಿ ಪರೀಕ್ಷಿಸುತ್ತಾರೆ. ಇಡೀ ಕಣ್ಣನ್ನು ಬದಲಿಸುತ್ತಾರೆಂಬುದು ತಪ್ಪು ತಿಳಿವಳಿಕೆ. ಬದಲಾಗುವುದು ಮುಂದಿನ ಪಟಲ ಅಥವಾ ಅದರ ಪದರ ಮಾತ್ರ. ಆದಕಾರಣ ಕಣ್ಣಿನ ಬಣ್ಣವೂ ಬದಲಾಗುವುದಿಲ್ಲ. ಸಾಮಾನ್ಯವಾಗಿ ರಕ್ತದ ಗುಂಪು ಹೊಂದಬೇಕೆಂಬ ನಿಯಮವೂ ಇಲ್ಲ.

ವೈದ್ಯರನ್ನು ಕಾಣಲು ಇಬ್ಬರೂ ಜೊತೆಯಾಗಿ ಹೋಗುವುದು ಒಳ್ಳೆಯದು. ಯಾವ ಪದರ ಕೆಟ್ಟಿದೆ, ಯಾವ ಬಗೆಯ ಕಸಿ ಮಾಡುತ್ತಾರೆ, ಎಷ್ಟು ಬಾರಿ ಮತ್ತೆ ಬರಬೇಕು, ಎಷ್ಟು ಖರ್ಚಾಗುತ್ತದೆ, ಸರ್ಕಾರದ ಆರೋಗ್ಯ ಯೋಜನೆಯ ನೆರವು ದೊರೆಯುವುದೇ ಎಂಬುದನ್ನು ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿ. ಕೊಯ್ಲಿನ ದಿನಗಳನ್ನು ಲೆಕ್ಕ ಹಾಕಿ, ಮನೆಯ ಹಾಗೂ ಹೊಲದ ಕೆಲಸಕ್ಕೆ ಬದಲಿ ಏರ್ಪಾಟು ಮಾಡಿಕೊಂಡೇ ಹೊರಡಿ.

ಶಸ್ತ್ರಚಿಕಿತ್ಸೆಯ ಅನಂತರ ದಂಪತಿಗಳ ಪಾತ್ರ

ಮಾವಿನ ಗಿಡಕ್ಕೆ ಕಸಿ ಕಟ್ಟಿದವನು ಕಟ್ಟಿದ ದಿನವೇ ಹಣ್ಣನ್ನು ಎಣಿಸುವುದಿಲ್ಲ. ನೀರೆರೆದು, ನೆರಳು ಮಾಡಿ, ಕುಡಿ ಹಿಡಿಯುವ ತನಕ ಕಾಯುತ್ತಾನೆ. ಕಣ್ಣಿನ ಕಸಿಗೂ ಅಷ್ಟೇ ತಾಳ್ಮೆ ಬೇಕು. ಅಪಾಯ ಬರುವುದು ಹೆಚ್ಚಾಗಿ ದೃಷ್ಟಿ ಬಂದ ಮೇಲೆ. ‘ಈಗ ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೇಕೆ ಔಷಧ’ ಎಂದು ಹನಿ ಹಾಕುವುದನ್ನು ನಿಲ್ಲಿಸಿದರೆ, ದೇಹವು ಹೊಸ ಪದರವನ್ನು ಪರಕೀಯವೆಂದು ಗುರುತಿಸಿ ಅದರ ಮೇಲೆ ದಾಳಿ ಮಾಡಬಹುದು. ಬಂದ ಬೆಳಕು ಕೆಲವೇ ದಿನಗಳಲ್ಲಿ ಮತ್ತೆ ಮಂಜಾಗುತ್ತದೆ. ಹನಿಗಳನ್ನು ಅನೇಕ ತಿಂಗಳುಗಳ ಕಾಲ, ಕೆಲವರು ವರ್ಷಗಳ ಕಾಲ ಹಾಕಬೇಕಾಗುತ್ತದೆ. ನಿಲ್ಲಿಸುವ ತೀರ್ಮಾನ ವೈದ್ಯರದೇ ಹೊರತು ರೋಗಿಯದಲ್ಲ.

ಈ ಕಾರ್ಯದಲ್ಲಿ ಪತಿ ಪತ್ನಿಯರು ಒಬ್ಬರಿಗೊಬ್ಬರು ಹೀಗೆ ನೆರವಾಗಬಹುದು:

1. ಒಳಪದರದ ಕಸಿಯಾದವರು ವೈದ್ಯರು ಹೇಳಿದಷ್ಟು ಕಾಲ ಅಂಗಾತ ಮಲಗಿರಬೇಕು. ಪಕ್ಕಕ್ಕೆ ಹೊರಳಿದರೆ ಗಾಳಿಯ ಗುಳ್ಳೆ ಸರಿದು ಪೊರೆ ಜಾರಬಹುದು. ಊಟ, ನೀರು ಮೊದಲಾದವುಗಳನ್ನು ಜೊತೆಗಿರುವವರು ಹಾಸಿಗೆಯ ಬಳಿಯಲ್ಲಿಯೇ ಒದಗಿಸಬೇಕು.

2. ಹನಿ ಹಾಕುವ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ಕೆಳರೆಪ್ಪೆಯನ್ನು ಮೆಲ್ಲನೆ ಜಗ್ಗಿ ಒಂದು ಹನಿ ಹಾಕಿದರೆ ಸಾಕು. ಸೀಸೆಯ ತುದಿ ಕಣ್ಣಿಗೆ ತಾಕಬಾರದು. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು.

3. ಹನಿ ಹಾಕಿದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಮಾಡಿ. ಸೀಸೆ ಮುಗಿಯುವ ಮೊದಲೇ ಇನ್ನೊಂದನ್ನು ತನ್ನಿ.

4. ಕಣ್ಣನ್ನು ಉಜ್ಜಬಾರದು. ಮಲಗುವಾಗ ರಕ್ಷಕ ಕವಚವನ್ನು ಕಟ್ಟಿಕೊಳ್ಳಬೇಕು. ಭಾರ ಎತ್ತುವುದು, ಸೌದೆ ಒಡೆಯುವುದು, ಕಣದ ಧೂಳಿನಲ್ಲಿ ನಿಲ್ಲುವುದು, ಕೆರೆ ಬಾವಿಗಳಲ್ಲಿ ಈಜುವುದು ಇವನ್ನು ವೈದ್ಯರು ಅನುಮತಿಸುವ ತನಕ ಬಿಡಬೇಕು. ಒಲೆಯ ಹೊಗೆಯೂ ಕಣ್ಣಿಗೆ ಹಿತವಲ್ಲ. ಕಸಿಯಾದವಳು ಗೃಹಿಣಿಯಾದರೆ ಅಡಿಗೆಯ ಕೆಲಸವನ್ನು ಪತಿಯೂ ಮನೆಯ ಇತರರೂ ಹಂಚಿಕೊಳ್ಳಬೇಕು. ಗಂಡಸಿಗೆ ಕಸಿಯಾದರೆ ವಿಶ್ರಾಂತಿ ಬೇಕು, ಹೆಂಗಸಿಗೆ ಬೇಡ ಎಂಬ ನ್ಯಾಯ ಕಣ್ಣಿಗೆ ಗೊತ್ತಿಲ್ಲ.

5. ನೋವಿಲ್ಲದಿದ್ದರೂ ಕರೆದ ದಿನ ತಪ್ಪದೆ ಆಸ್ಪತ್ರೆಗೆ ಹೋಗಬೇಕು. ಈ ಹನಿಗಳಿಂದ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಅದು ಪರೀಕ್ಷೆಯಿಂದಲ್ಲದೆ ತಿಳಿಯುವುದಿಲ್ಲ.

ಅಪಾಯದ ನಾಲ್ಕು ಚಿಹ್ನೆಗಳನ್ನು ಇಬ್ಬರೂ ಬಾಯಿಪಾಠ ಮಾಡಿರಿ: ಕಣ್ಣು ಕೆಂಪಾಗುವುದು, ಬೆಳಕನ್ನು ತಾಳಲಾರದಿರುವುದು, ದೃಷ್ಟಿ ಕುಂದುವುದು, ನೋವು. ಇವುಗಳಲ್ಲಿ ಒಂದು ಕಂಡರೂ, ಕಸಿಯಾಗಿ ಎಷ್ಟೇ ವರ್ಷಗಳಾಗಿದ್ದರೂ, ಸಂತೆಯ ದಿನಕ್ಕಾಗಿ ಕಾಯದೆ ಅಂದೇ ಹೊರಡಬೇಕು. ಬೇಗನೆ ಹೋದರೆ ಅನೇಕ ವೇಳೆ ಕಸಿಯನ್ನು ಉಳಿಸಿಕೊಳ್ಳಬಹುದು.

ಬಾರದಂತೆ ತಡೆಯುವುದೇ ಮೇಲು

ಕಣ್ಣಿಗೆ ಹೊಟ್ಟು ಅಥವಾ ಮುಳ್ಳು ತಗುಲಿದಾಗ ಎಲೆಯ ರಸ, ಎದೆಹಾಲು, ಎಣ್ಣೆ ಮುಂತಾದವನ್ನು ಹಾಕಬಾರದು. ಅಂಗಡಿಯವರು ಕೊಟ್ಟ ಹನಿಯನ್ನೂ ಹಾಕಬಾರದು. ಅವುಗಳಲ್ಲಿ ಕೆಲವು ಬೂಷ್ಟಿನ ಹುಣ್ಣನ್ನು ಬೆಂಕಿಯಂತೆ ಹರಡಿಸುತ್ತವೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಆ ಕ್ಷಣದಲ್ಲಿಯೇ ಶುದ್ಧವಾದ ನೀರನ್ನು ಧಾರೆಯಾಗಿ ಅರ್ಧ ಗಂಟೆಯವರೆಗೆ ಸುರಿದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆಯನ್ನೂ ‘ಎ’ ಜೀವಸತ್ವವನ್ನೂ ಹಾಕಿಸಿ, ಮುಂದೆ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ‘ಎ’ ಜೀವಸತ್ವವನ್ನು ಕೊಡಿಸಿ. ಸೊಪ್ಪು, ಪಪ್ಪಾಯಿ, ನುಗ್ಗೆಸೊಪ್ಪು ಮನೆಯ ಊಟದಲ್ಲಿರಲಿ.

ನೇತ್ರದಾನ

ಶಸ್ತ್ರವೈದ್ಯ ಎಷ್ಟೇ ಮುಂದುವರಿದರೂ ದಾನಿಯ ಕಾರ್ನಿಯಾ ಇಲ್ಲದೆ ಈ ಕಸಿ ನಡೆಯದು. ಮರಣವಾದ ಆರು ಗಂಟೆಗಳೊಳಗಾಗಿ ಕಣ್ಣುಗಳನ್ನು ಪಡೆಯಬೇಕು. ಮನೆಯವರು ಒಪ್ಪಿ, ಹತ್ತಿರದ ನೇತ್ರ ಬ್ಯಾಂಕಿಗೆ ತಿಳಿಸಿದರೆ ಅವರೇ ಬರುತ್ತಾರೆ. ಅಲ್ಲಿಯವರೆಗೆ ಮೃತರ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆಯ ಹತ್ತಿಯನ್ನಿಟ್ಟು, ತಲೆಯನ್ನು ದಿಂಬಿನ ಮೇಲೆ ಸ್ವಲ್ಪ ಎತ್ತರಿಸಿ, ಫ್ಯಾನನ್ನು ನಿಲ್ಲಿಸಬೇಕು. ಕಾರ್ಯವು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಮುಖ ವಿಕಾರವಾಗುವುದಿಲ್ಲ, ಸಂಸ್ಕಾರಕ್ಕೆ ಅಡ್ಡಿಯಾಗುವುದಿಲ್ಲ. ಕನ್ನಡಕ ಹಾಕುತ್ತಿದ್ದವರು, ಸಕ್ಕರೆ ಕಾಯಿಲೆಯವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು ಸಹ ದಾನಿಗಳಾಗಬಹುದು. ಹುಚ್ಚುನಾಯಿ ರೋಗ, ಏಡ್ಸ್, ಕಾಮಾಲೆಯ ಕೆಲವು ವಿಷಾಣುಗಳು ಮುಂತಾದವಿದ್ದವರ ಕಣ್ಣುಗಳನ್ನು ಮಾತ್ರ ಕಸಿಗೆ ಬಳಸುವುದಿಲ್ಲ.

ಸಾವಿನ ಮನೆಯಲ್ಲಿ ಆರು ಗಂಟೆ ಬಹಳ ಬೇಗ ಕಳೆದುಹೋಗುತ್ತದೆ. ಅಳುವವರ ನಡುವೆ ಯಾರು ಯಾರನ್ನು ಕೇಳಬೇಕೆಂದೇ ತೋಚುವುದಿಲ್ಲ. ಆದುದರಿಂದ ಈ ಮಾತನ್ನು ಬದುಕಿರುವಾಗಲೇ, ಆರೋಗ್ಯದಿಂದಿರುವಾಗಲೇ ಗಂಡ ಹೆಂಡತಿ ಕುಳಿತು ಆಡಿಕೊಂಡಿರಬೇಕು. ಬೆಳೆದ ಮಕ್ಕಳಿಗೂ ತಿಳಿಸಿರಬೇಕು. ಬರೆದಿಟ್ಟ ಕಾಗದ ಪೆಟ್ಟಿಗೆಯಲ್ಲಿಯೇ ಉಳಿಯಬಹುದು. ಮನೆಯವರ ಮನಸ್ಸಿನಲ್ಲಿರುವ ಮಾತು ಸಮಯಕ್ಕೆ ಬರುತ್ತದೆ.

ಮನೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಹೂ ಬಿದ್ದ ಕಣ್ಣಿನವರು ಇದ್ದಾರೆಯೇ? ಅವರನ್ನು ಕಣ್ಣಿನ ವೈದ್ಯರಿಗೆ ತೋರಿಸಲಾಗಿದೆಯೇ?

2. ಕಸಿಯ ಅನಂತರ ಕಾಣಬಹುದಾದ ಅಪಾಯದ ನಾಲ್ಕು ಚಿಹ್ನೆಗಳು ಯಾವುವು?

3. ಮನೆಯಲ್ಲಿ ಸುಣ್ಣವನ್ನು ಎಲ್ಲಿಡುತ್ತೇವೆ? ಮಕ್ಕಳ ಕೈಗೆ ಅದು ಸಿಗುವುದೇ?

4. ನಮ್ಮ ಊರಿಗೆ ಹತ್ತಿರದ ನೇತ್ರ ಬ್ಯಾಂಕ್ ಎಲ್ಲಿದೆ? ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿ, ಅದರ ಫೋನ್ ಸಂಖ್ಯೆಯನ್ನು ಗೋಡೆಯ ಮೇಲೆ ಬರೆದಿಡಿ.